ಭಾವನ ಪಾಯಿಂಟು, ಪಾಲುದಾರರ ವಿಮಾನ

ಭೂಮಿ ಗುಂಡಗಿದೆ ಎಂಬುದನ್ನು ನಾವೆಲ್ಲ ಪುಸ್ತಕದಲ್ಲಿ ಓದಿ ನಂಬಿದವರು. ಹಾಗೆ ಸುಮ್ಮನೆ ನಂಬದೆ, ಸ್ವಂತ ದುಡ್ಡು ಹಾಕಿ, ಸೊಂಟ ನೋಯಿಸಿಕೊಂಡು, ವರ್ಷ ವರ್ಷವೂ ಸುತ್ತಿ ಪರೀಕ್ಷೆ ಮಾಡಿ ನೋಡಿದವರು ಇಡೀ ಬಂಟ್ವಾಳ ತಾಲೂಕಿನಲ್ಲಿ ಒಬ್ಬರೇ. ಅವರು ನನ್ನ ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಪಾಣೆಮಂಗಳೂರು. ಮೊನ್ನೆ ಮೊನ್ನೆಯವರೆಗೆ ಗಲ್ಫಿನ ಒಂದು ಕಂಪೆನಿಯ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದರು. ನಾನು ಮೂಡಬಿದಿರೆಯಲ್ಲಿ ಹೈಸ್ಕೂಲು ಮಾಸ್ತರ. ಕಂಡದ್ದನ್ನು ಕಂಡಷ್ಟೇ ಹೇಳುವುದು ನನ್ನ ಅಭ್ಯಾಸ. ಹಾಗಾಗಿ ನಾನು ಕಣ್ಣಾರೆ ನೋಡಿದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂದು ಅಲ್ಲಲ್ಲೇ ತಿಳಿಸುತ್ತ ಹೋಗುತ್ತೇನೆ. ನಡುವೆ ಎಲ್ಲಾದರೂ ಸಿಟ್ಟು ಹೆಚ್ಚಾದರೆ ಓದುಗರು ಕ್ಷಮಿಸಬೇಕು. ಅಕ್ಕನನ್ನು ವಿಮಾನ ಹತ್ತಿಸಿದ ಆ ದಿನಗಳಿಂದ ನಾನಿನ್ನೂ ಪೂರ್ತಿ ಸುಧಾರಿಸಿಕೊಂಡಿಲ್ಲ.

ನಮ್ಮ ಕಡೆಯಿಂದ ಗಲ್ಫಿಗೆ ಹೋಗುವುದು ಈಗ ದೊಡ್ಡ ಸಂಗತಿಯೇನಲ್ಲ. ಬಜಪೆಯಲ್ಲಿ ವಿಮಾನ ಹತ್ತಿ, ಕೊಟ್ಟದ್ದನ್ನು ತಿಂದು, ಒಂದು ನಿದ್ದೆ ತೆಗೆಯುವಷ್ಟರಲ್ಲಿ ಸಮುದ್ರ ದಾಟಿ ಆಗಿರುತ್ತದೆ. ಭಾವ ಹಾಗೆ ಹೋದವರಲ್ಲ. ಅವರು ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ, ಬೆಳ್ತಂಗಡಿ ದಾಟಿ, ಚಾರ್ಮಾಡಿ ಘಾಟಿ ಏರಿ, ಮೊದಲು ಬೆಂಗಳೂರು ಸೇರುತ್ತಿದ್ದರು. ಅಂದರೆ ಸಮುದ್ರಕ್ಕೆ ಬೆನ್ನು ಹಾಕಿ ಹೊರಡುವುದು. ಅಲ್ಲಿಂದ ತಮ್ಮ ಮೆಚ್ಚಿನ ಕಂಪೆನಿಯ ವಿಮಾನ ಹತ್ತಿ, ತಾವು ಇಳಿಯಬೇಕಾದ ಊರಿನ ಮೇಲೆಯೇ ಹಾರಿ, ಅದರಾಚೆಯ ಯಾವುದೋ ದೇಶದ ದೊಡ್ಡ ನಿಲ್ದಾಣದಲ್ಲಿ ಇಳಿದು, ಅಲ್ಲಿ ಅರ್ಧ ದಿನ ಕೂತು, ಮತ್ತೆ ಇನ್ನೊಂದು ವಿಮಾನದಲ್ಲಿ ಹಿಂದಕ್ಕೆ ಬರುತ್ತಿದ್ದರು.

“ಹೋಗುವಾಗ ಕಿಟಕಿಯಿಂದ ನಮ್ಮ ಗೋದಾಮಿನ ಏರಿಯಾ ಕಾಣ್ತದೆ ಗೊತ್ತುಂಟಾ, ಕೆಳಗೆ,” ಎಂದು ಒಮ್ಮೆ ಹೆಮ್ಮೆಯಿಂದ ಹೇಳಿದರು.

“ಹಾಗಾದ್ರೆ ಅಲ್ಲಿಗೇ ಸೀದಾ ಹೋಗುವ ವಿಮಾನದಲ್ಲಿ ಹೋಗಬಹುದಲ್ಲ ಭಾವ?”

“ಹೋಗಬಹುದು. ಪಾಯಿಂಟು ಯಾರು ಕೊಡುವುದು, ನೀವಾ ಮಾಸ್ಟ್ರೆ?”

ಈ ಪಾಯಿಂಟಿನ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಕೆಲವು ವಿಮಾನ ಕಂಪೆನಿಗಳು ಪದೇ ಪದೇ ತಮ್ಮಲ್ಲೇ ಪ್ರಯಾಣ ಮಾಡುವವರಿಗೆ ಒಂದು ಸದಸ್ಯತ್ವದ ನಂಬರು ಕೊಡುತ್ತವೆ. ಪ್ರತಿ ಪ್ರಯಾಣಕ್ಕೆ ಆ ನಂಬರಿಗೆ ಇಷ್ಟು ಎಂದು ಪಾಯಿಂಟು ಜಮೆಯಾಗುತ್ತದೆ. ಸಾಕಷ್ಟು ಜಮೆಯಾದ ಮೇಲೆ ಅದರಲ್ಲೇ ಒಂದು ಟಿಕೇಟು ತೆಗೆಯಬಹುದು. ತೆಗೆಯಬಹುದು ಎಂದು ಅವರು ಹೇಳುತ್ತಾರೆ, ಅಷ್ಟೇ. ಈ ಪ್ರಬಂಧದ ಉಳಿದ ಭಾಗವೆಲ್ಲ ಆ ಒಂದು ಮಾತಿನ ಬಗ್ಗೆ.

ಭಾವನ ಕಾರ್ಡು ಮೊದಲು ನೀಲಿ ಬಣ್ಣದ್ದಿತ್ತು. ಕೆಲವು ವರ್ಷಗಳ ಸುತ್ತಾಟದ ಬಳಿಕ ಬೆಳ್ಳಿ ಬಣ್ಣಕ್ಕೆ ತಿರುಗಿತು. ಅದರೊಟ್ಟಿಗೆ ಬ್ಯಾಗಿಗೆ ಕಟ್ಟುವ ಒಂದು ಪಟ್ಟಿಯೂ ಬಂತು. ಆ ಪಟ್ಟಿ ಕಟ್ಟಿದ ಬ್ಯಾಗನ್ನು ವಿಮಾನದಿಂದ ಮೊದಲು ಇಳಿಸುತ್ತಾರಂತೆ. ಭಾವ ಆ ಪಟ್ಟಿಯನ್ನು ಮತ್ತೆ ಬಿಚ್ಚಲೇ ಇಲ್ಲ. ಬೆಳ್ತಂಗಡಿಯಲ್ಲಿ ನಮ್ಮ ಸಂಬಂಧಿಕರ ಒಂದು ಮದುವೆಗೆ ಹೊರಟಾಗಲೂ ಅದು ಬ್ಯಾಗಿನಲ್ಲೇ ಜೋತಾಡುತ್ತಿತ್ತು. ಬಸ್ಸಿನ ಕಂಡಕ್ಟರ್ ಬ್ಯಾಗನ್ನು ಹಿಂದಿನ ಸೀಟಿನಡಿ, ಎರಡು ಹಿಂಡಿಯ ಗೋಣಿಗಳ ನಡುವೆ ತುರುಕಿದ. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ಕಂಡದ್ದು.

“ಏ ತಮ್ಮ, ಆ ಟ್ಯಾಗ್ ನೋಡಿದ್ಯಾ? ಅದು ಎಲ್ಲಕ್ಕಿಂತ ಮೊದಲು ಇಳಿಯಬೇಕಾದ ಬ್ಯಾಗು,” ಅಂದರು ಭಾವ.

ಕಂಡಕ್ಟರ್ ಬಗ್ಗಿ ಟ್ಯಾಗನ್ನು ಓದಿದ. “ಹಾಗಾದ್ರೆ ಈಗಲೇ ಇಳಿಸಿ ಬಿಡುವ ಕಾಕ. ಬಸ್ಸು ಇನ್ನೂ ಹೊರಟಿಲ್ಲ. ಇದಕ್ಕಿಂತ ಮೊದಲು ಇಳಿಸ್ಲಿಕ್ಕೆ ಯಾವ ವಿಮಾನದವನಿಗೂ ಆಗ್ಲಿಕ್ಕಿಲ್ಲ.”

ಇಷ್ಟಕ್ಕೇ ನಿಲ್ಲಿಸಿದ್ದರೆ ಭಾವ ಒಬ್ಬ ಸಾಧಾರಣ ಹುಚ್ಚಿನ ಮನುಷ್ಯ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅವರು ನಮ್ಮೂರಿನ ಒಂದು ಹಳೆಯ ಕ್ರಮವನ್ನು ಆಕಾಶಕ್ಕೆ ಏರಿಸಿದರು. ನಮ್ಮಲ್ಲಿ ಯಾರಾದರೂ ಗಲ್ಫಿಗೆ ಹೊರಟರೆ ಆ ಮನೆಗೆ ಕೇರಿಯವರೆಲ್ಲ ಒಂದೊಂದು ಕಟ್ಟು ಹಿಡಿದುಕೊಂಡು ಬರುತ್ತಾರೆ. ಒಬ್ಬರದು ಉಪ್ಪಿನಕಾಯಿ, ಇನ್ನೊಬ್ಬರದು ಒಣ ಸಿಗಡಿ, ಮತ್ತೊಬ್ಬರದು ಹಪ್ಪಳ, ಕಷಾಯದ ಪುಡಿ. ಅಲ್ಲಿರುವ ಮಗನಿಗೋ ತಮ್ಮನಿಗೋ ಮುಟ್ಟಿಸಬೇಕು. ಹೊರಟವನು ತನ್ನ ಬಟ್ಟೆ ಕಡಿಮೆ ಮಾಡಿಯಾನೇ ಹೊರತು ಇದನ್ನು ಬೇಡ ಎನ್ನುವುದಿಲ್ಲ. ಹೇಗೆ ಅಂದಾನು? ನಾಳೆ ಅವನಿಗೂ ಬೇರೆಯವರ ಕೈಯಲ್ಲಿ ಕಟ್ಟು ಕಳಿಸಲಿಕ್ಕಿದೆಯಲ್ಲ.

ಭಾವ ಇದನ್ನು ನೋಡಿ ಯೋಚನೆ ಮಾಡಿದರು. ಹೊರಟವರ ಮನೆಗೆ ತಾವೂ ಹೋದರು. ಕಟ್ಟು ಕೊಡಲಿಲ್ಲ, ಒಂದು ಚೀಟಿ ಕೊಟ್ಟರು. ಅದರಲ್ಲಿ ಅವರ ಸದಸ್ಯತ್ವದ ನಂಬರು ಇತ್ತು. “ಕೌಂಟರಿನಲ್ಲಿ ಈ ನಂಬರು ಹೇಳಿ, ಸಾಕು. ಆದಷ್ಟು ಇದೇ ಕಂಪೆನಿಯ ವಿಮಾನದಲ್ಲಿ ಹೋಗಿ. ಚೂರು ಸುತ್ತು, ಆದ್ರೆ ಊಟ ಒಳ್ಳೇದುಂಟು.”

ಬೆಳುವಾಯಿಯಲ್ಲಿ ಭಾವನಿಗೆ ಪರಿಚಯದ ಒಬ್ಬರು ಶೆಟ್ಟರು ಇದ್ದಾರೆ, ಗದ್ದೆ ತೋಟ ಇರುವವರು. ಅವರ ಮಗನಿಗೆ ಹೊಸತಾಗಿ ಕೆಲಸ ಸಿಕ್ಕಿ ಹೊರಟಿದ್ದ. ಮೂಡಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನೆದುರೇ ಭಾವ ಅವರಿಗೂ ಒಂದು ಚೀಟಿ ದಾಟಿಸಿದರು.

“ಹುಡುಗ ಹೊಸಬ. ಅವನಿಗೆ ಇದರಿಂದ ತೊಂದರೆ ಎಂತ ಇಲ್ಲ ಅಲ್ವಾ?” ಎಂದರು ಶೆಟ್ಟರು.

“ಎಂತ ತೊಂದರೆ ಮಾರಾಯ್ರೆ? ಭಾರ ಇಲ್ಲ, ಸೋರುವುದಿಲ್ಲ, ವಾಸನೆಯೂ ಇಲ್ಲ.”

ಹೀಗೆ ಪಾಣೆಮಂಗಳೂರಿನಿಂದ ಚಾರ್ಮಾಡಿಯವರೆಗೆ, ಈಚೆ ಮೂಡಬಿದಿರೆಯವರೆಗೆ, ಹಾರುವವರೆಲ್ಲ ಭಾವನ ನಂಬರನ್ನು ಹೊತ್ತುಕೊಂಡು ಹಾರಿದರು. ಕೆಲವರು ಅವರ ಮೇಲಿನ ಪ್ರೀತಿಯಿಂದ ಸೀದಾ ಹೋಗುವ ವಿಮಾನ ಬಿಟ್ಟು ಅದೇ ಸುತ್ತಿನ ದಾರಿ ಹಿಡಿದರು. ಭಾವನ ತರ್ಕ ಸರಳ. ಬ್ಯಾಂಕಿನಲ್ಲಿ ನನ್ನ ಖಾತೆಗೆ ಯಾರು ಬೇಕಾದರೂ ಹಣ ಕಟ್ಟಬಹುದು; ಹಾಗಿರುವಾಗ ಪಾಯಿಂಟು ಕಟ್ಟಲಿಕ್ಕೆ ಏನು ಅಡ್ಡಿ? ಅಡ್ಡಿ ಇತ್ತು. ನಂಬರಿನ ಹೆಸರೂ ಪ್ರಯಾಣಿಕನ ಹೆಸರೂ ಒಂದೇ ಆಗಿದ್ದರೆ ಮಾತ್ರ ಪಾಯಿಂಟು ಜಮೆ. ಬೇರೆಯವರ ಪ್ರಯಾಣದ ಒಂದೇ ಒಂದು ಪಾಯಿಂಟೂ ಭಾವನಿಗೆ ಸಿಗಲಿಲ್ಲ. ಅವರ ಖಾತೆಯಲ್ಲಿದ್ದದ್ದು ಅವರೇ ಸೊಂಟ ನೋಯಿಸಿಕೊಂಡು ಗಳಿಸಿದ್ದು ಮಾತ್ರ. ಈ ಸಂಗತಿ ನಮಗೆ ಗೊತ್ತಾದದ್ದು ಬಹಳ ತಡವಾಗಿ, ಬಹಳ ಕೆಟ್ಟ ಹೊತ್ತಿನಲ್ಲಿ.

“ಇಷ್ಟು ಪಾಯಿಂಟು ಎಂತಕ್ಕೆ ಭಾವ?” ಎಂದು ಯಾರು ಕೇಳಿದರೂ ಉತ್ತರ ಒಂದೇ. “ಉಂಟು, ಒಂದು ಕೆಲಸ.”

ಆ ಕೆಲಸ ಏನೆಂದು ತಿಳಿದದ್ದು ಅವರು ಕೆಲಸ ಬಿಟ್ಟು ಊರಿಗೆ ಬಂದ ಮೇಲೆ. ಅವರಿಗೆ ಒಬ್ಬಳೇ ಮಗಳು. ಗಂಡನೊಟ್ಟಿಗೆ ಅದೇ ಗಲ್ಫಿನ ಬೇರೊಂದು ಊರಿನಲ್ಲಿದ್ದಾಳೆ. ಅವಳಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕೆಂಬುದು ನಮ್ಮಲ್ಲಿ ಬಿಟ್ಟುಕೊಡದ ಕ್ರಮ. ಅಕ್ಕ ಕೋಣೆ ತೊಳೆದು, ಎಣ್ಣೆ ಕಾಯಿಸಿ, ಲೇಹ್ಯದ ಸಾಮಾನು ತರಿಸಿ ಕಾಯುತ್ತಿದ್ದಳು. ಆಗ ಅಲ್ಲಿನ ಡಾಕ್ಟರು, ಈ ಸ್ಥಿತಿಯಲ್ಲಿ ವಿಮಾನ ಹತ್ತಲೇಬಾರದು ಎಂದುಬಿಟ್ಟರು. ಮಗಳು ಫೋನಿನಲ್ಲಿ ಅತ್ತಳು. ಮಗಳು ತವರಿಗೆ ಬರುವಂತಿಲ್ಲ ಎಂದ ಮೇಲೆ ತವರೇ ವಿಮಾನ ಹತ್ತಬೇಕು. ನನ್ನ ಅಕ್ಕ ಜೀವಮಾನದಲ್ಲಿ ವಿಮಾನದ ಮೆಟ್ಟಿಲು ತುಳಿದವಳಲ್ಲ. ಪಾಸ್‌ಪೋರ್ಟು ಮಾತ್ರ ಮಾಡಿಸಿಟ್ಟದ್ದಿತ್ತು, ವೀಸಾ ಅಳಿಯ ಕಳಿಸಿದ. ಭಾವ ಅಲ್ಲಿದ್ದಾಗ ಒಂದು ಕೋಣೆಯಲ್ಲಿ ಆರು ಜನರೊಟ್ಟಿಗೆ ಇದ್ದವರು. ಅಲ್ಲಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ.

ಭಾವ ಎದ್ದು ನಿಂತರು. ಕಿಸೆಯಿಂದ ಬೆಳ್ಳಿ ಬಣ್ಣದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. “ಇದು ಅವಳಿಗೇ ಇಟ್ಟದ್ದು,” ಅಂದರು. “ಬಿಸಿನೆಸ್ ಕ್ಲಾಸಿನಲ್ಲಿ ಹೋಗ್ಲಿ. ಕಾಲು ನೀಡಿ ಮಲಗಿಕೊಂಡು ಹೋಗ್ಲಿ.”

ಆ ಕಂಪೆನಿಯ ವಿಮಾನ ಬಜಪೆಗೆ ಬರುವುದಿಲ್ಲ. ಆದರೆ ಬಜಪೆಗೆ ಬರುವ ಇನ್ನೊಂದು ಕಂಪೆನಿಯೊಟ್ಟಿಗೆ ಅದು ಪಾಲುದಾರಿಕೆ ಮಾಡಿಕೊಂಡಿತ್ತು. ಇಬ್ಬರೂ ಈಗ ಒಂದೇ, ಇವರ ಪಾಯಿಂಟು ಅವರಲ್ಲಿ ನಡೆಯುತ್ತದೆ ಎಂದು ಭಾವನಿಗೆ ಹಿಂದೊಮ್ಮೆ ಮೆಸೇಜು ಬಂದಿತ್ತು. ಆ ದಿನ ಅವರು ಕೇರಿಗೆಲ್ಲ ಹಲ್ವ ಹಂಚಿದ್ದರು. ಹಾಗಾಗಿ ನಾವು ನಿಶ್ಚಿಂತೆಯಿಂದ ಫೋನು ಹಿಡಿದು ಕೂತೆವು. ಟಿಕೇಟು ಹುಡುಕುವ ಕೆಲಸ ನನ್ನದು.

ಇಲ್ಲಿಂದ ನನ್ನ ಸಿಟ್ಟು ಸುರು.

ದುಡ್ಡು ಕೊಡುತ್ತೇನೆ ಎಂದು ಒತ್ತಿದರೆ ಅದೇ ವಿಮಾನದಲ್ಲಿ, ಅದೇ ದಿನ, ಬೇಕಾದಷ್ಟು ಸೀಟು. ಕಿಟಕಿಯ ಪಕ್ಕ ಬೇಕೇ, ಉಂಟು. ಮುಂದೆ ಬೇಕೇ, ಉಂಟು. ಪಾಯಿಂಟು ಕೊಡುತ್ತೇನೆ ಎಂದು ಒತ್ತಿದ ಕೂಡಲೇ ಇಡೀ ವಿಮಾನ ಭರ್ತಿಯಾಗಿ ಒಂದು ಸೀಟೂ ಇಲ್ಲ. ಆ ವಾರ ಇಲ್ಲ, ಮುಂದಿನ ವಾರ ಇಲ್ಲ, ತಿಂಗಳಿಡೀ ಇಲ್ಲ. ನಮ್ಮ ಪಾಣೆಮಂಗಳೂರು ಪೇಟೆಯಲ್ಲಿ ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಕೂತವಳು, “ಬಂಗುಡೆ ಉಂಟು, ಆದ್ರೆ ನಿಮಗೆ ಕಾಣ್ಲಿಕ್ಕಿಲ್ಲ” ಎಂದು ಹೇಳಿದರೆ ಊರು ಸುಮ್ಮನಿರುತ್ತದೆಯೇ? ಸೀಟು ಅದೇ, ಕುಳಿತುಕೊಳ್ಳುವವಳು ಅದೇ ನನ್ನ ಅಕ್ಕ. ಕೊಡುವ ಕೈ ನೋಡಿ ಮಾಯವಾಗುವ ಸೀಟನ್ನು ಯಾವ ವಿಜ್ಞಾನದ ಪುಸ್ತಕದಲ್ಲೂ ನಾನು ಓದಿಲ್ಲ.

ಇಷ್ಟರಲ್ಲಿ ಇನ್ನೊಂದು ಕಂಡಿತು. ಭಾವನ ಹಳೆಯ ಪಾಯಿಂಟುಗಳಲ್ಲಿ ಒಂದು ಭಾಗ ಅವಧಿ ಮುಗಿದು ಹೋಗಿತ್ತು. ಹಾಲು ಹಾಳಾಗುತ್ತದೆ, ಮೀನು ಹಾಳಾಗುತ್ತದೆ, ಅದು ಸರಿ. ಒಂದು ಸಂಖ್ಯೆ ಹೇಗೆ ಹಾಳಾಗುತ್ತದೆ? ಅದನ್ನು ಎಲ್ಲಿ ಇಟ್ಟಿದ್ದರು, ಬಿಸಿಲಿನಲ್ಲಾ?

ಫೋನು ಮಾಡಿದೆವು. ಮೊದಲ ಕಂಪೆನಿಯವರು ಬಹಳ ಮರ್ಯಾದೆಯಿಂದ ಮಾತಾಡಿದರು. ವಿಮಾನ ಪಾಲುದಾರರದ್ದು, ಸೀಟು ಬಿಡಬೇಕಾದವರು ಅವರು, ಅವರನ್ನು ಕೇಳಿ ಎಂದರು. ಪಾಲುದಾರರಿಗೆ ಫೋನು ಮಾಡಿದೆವು. ಅವರು ಇನ್ನೂ ಮರ್ಯಾದೆಯವರು. ವಿಮಾನ ನಮ್ಮದು ಹೌದು, ಆದರೆ ಪಾಯಿಂಟು ಅವರದ್ದು, ಅವರನ್ನು ಕೇಳಿ ಎಂದರು. ನಡುನಡುವೆ ಕಾಯಲು ಹೇಳಿ ಒಂದು ಸಂಗೀತ ಹಾಕುತ್ತಿದ್ದರು. ಎರಡೂ ಕಂಪೆನಿಗಳದ್ದು ಒಂದೇ ಸಂಗೀತ. ಪಾಲುದಾರಿಕೆ ಎಂದು ನನಗೆ ಕಂಡದ್ದು ಅದೊಂದೇ.

ಭಾವ ಕಂಪೆನಿಯವರೊಟ್ಟಿಗೆ ಇಂಗ್ಲಿಷಿನಲ್ಲೇ ಮಾತಾಡುವುದು. ಅದು ಅವರ ಬೆಳ್ಳಿ ಕಾರ್ಡಿನ ಗತ್ತು. ಆದರೆ ಫೋನು ಇಟ್ಟ ಮೇಲೆ ಸಿಟ್ಟು ಮಾತ್ರ ನಮ್ಮ ಭಾಷೆಯಲ್ಲೇ, ಅಪ್ಪನನ್ನು ಉಪ್ಪ, ಅಮ್ಮನನ್ನು ಉಮ್ಮ ಎನ್ನುವ ಬ್ಯಾರಿಗಳ ಮಾತಿನಲ್ಲೇ, ಬರುತ್ತಿತ್ತು.

“ಪಾರ್ಟ್ನರ್ ಅಂದ್ರೆ ಎಂತ ಮಾಸ್ಟ್ರೆ? ನಮ್ಮ ಉಪ್ಪನದ್ದು ಮತ್ತೆ ಒಬ್ಬರು ಕಾಮತರದ್ದು ಇಲ್ಲೇ ಪೇಟೆಯಲ್ಲಿ ಪಾಲಿನ ಅಕ್ಕಿ ಅಂಗಡಿ ಇತ್ತು. ಉಪ್ಪ ನಮಾಜಿಗೆ ಹೋದ್ರೆ ಕಾಮತರು ಅಕ್ಕಿ ಅಳೆದು ಕೊಡ್ತಿದ್ರು. ಕಾಮತರು ಊಟಕ್ಕೆ ಹೋದ್ರೆ ಉಪ್ಪ ಕೊಡ್ತಿದ್ರು. ‘ಗೋಣಿ ನಂದು, ಅಕ್ಕಿ ಅವರದ್ದು, ಅವರನ್ನು ಕೇಳಿ’ ಅಂತ ಒಂದು ದಿನ ಹೇಳಿದ್ರೆ ಆಮೇಲೆ ಅಂಗಡಿಗೆ ಜನ ಬರ್ತಿದ್ರಾ?”

“ಬರ್ತಿರ್ಲಿಲ್ಲ ಭಾವ.”

“ಇವರ ಅಂಗಡಿಗೆ ಬರ್ತಾರಲ್ಲ ಮತ್ತೆ?”

ನಾನು ಮತ್ತೆ ಪಾಲುದಾರರ ನಂಬರು ಒತ್ತಿದೆ. 

ಬುಧವಾರ ಬೆಳಿಗ್ಗೆ ಭಾವನ ಖಾತೆ ತೆರೆಯಲೇ ಇಲ್ಲ. ಸಂಶಯಾಸ್ಪದ ಚಟುವಟಿಕೆ ಕಂಡುಬಂದಿದ್ದರಿಂದ ತಡೆ ಹಿಡಿಯಲಾಗಿದೆ ಎಂದು ಬರೆದಿತ್ತು. ಮತ್ತೆ ಫೋನು. ಈ ಸಲ ಸಿಕ್ಕಿದವನು ಗಂಭೀರ ಧ್ವನಿಯ ಒಬ್ಬ ಯುವಕ. ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದೆವು. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ.

“ಸರ್, ಒಂದೇ ದಿನ ನೀವು ಮೂರು ಬೇರೆ ಬೇರೆ ದೇಶಗಳಿಗೆ ಪ್ರಯಾಣ ಮಾಡಿದ್ದೀರಾ?”

“ನಾನಲ್ಲ. ನಮ್ಮವರು.”

“ನಿಮ್ಮ ಕುಟುಂಬದವರಾ?”

“ಹೌದು.”

“ಎಲ್ಲರೂ? ಇಲ್ಲಿ ಬಹಳ ಹೆಸರುಗಳಿವೆ ಸರ್.”

“ಎಲ್ಲರೂ.”

“ಸಂಬಂಧ ಏನೆಂದು ಒಬ್ಬೊಬ್ಬರದ್ದೇ ಹೇಳುತ್ತೀರಾ?”

ಭಾವ ಹೇಳತೊಡಗಿದರು. ಒಬ್ಬ ಹಿಂದಿನ ಮನೆಯವರ ಅಳಿಯ. ಒಬ್ಬ ಮೀನಿನ ಲಾರಿಯವರ ತಮ್ಮ. ಒಬ್ಬ ಬೆಳುವಾಯಿಯ ಶೆಟ್ಟರ ಮಗ. ಶೆಟ್ಟರ ಮಗ ನಿಮಗೆ ಹೇಗೆ ಕುಟುಂಬ ಎಂದು ಆ ಕಡೆಯವನು ಕೇಳಿದ. ಭಾವನಿಗೆ ರೇಗಿತು. “ಅವನ ಅಪ್ಪ ನಮ್ಮ ಮನೆಗೆ ವರ್ಷವೂ ಹಲಸಿನ ಹಣ್ಣು ಕಳಿಸ್ತಾರೆ. ನಿಮ್ಮ ಕುಟುಂಬದವರು ನಿಮಗೆ ಎಂತ ಕಳಿಸ್ತಾರೆ?”

ಖಾತೆಯ ಬಗ್ಗೆ ವಿಚಾರಣೆ ಮುಗಿದ ಮೇಲೆ ತಿಳಿಸುತ್ತೇವೆ ಎಂದು ಫೋನು ಇಟ್ಟರು. ಬೇರೆಯವರ ಪಾಯಿಂಟು ಒಂದೂ ಬಂದಿಲ್ಲವೆಂಬುದು ಭಾವನಿಗೆ ತಿಳಿದದ್ದು ಈ ಮಾತುಕತೆಯಲ್ಲೇ. ಯೋಚಿಸಿ ನೋಡಿ. ಕೊಡದೆ ಇದ್ದ ಪಾಯಿಂಟಿಗಾಗಿ, ಕೊಟ್ಟ ಪಾಯಿಂಟಿಗೂ ಬೀಗ. ಇದಕ್ಕೆ ನ್ಯಾಯ ಎನ್ನುತ್ತಾರೆಯೇ?

ಅತ್ತ ಮಗಳ ಫೋನು. ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಆಗುವ ಲಕ್ಷಣ ಇದೆಯಂತೆ. “ಉಮ್ಮ ಯಾವಾಗ ಬರ್ತಾರೆ ಉಪ್ಪ? ನನಗೆ ಹೆದರಿಕೆ ಆಗ್ತದೆ.” ಭಾವ, “ಟಿಕೇಟು ಆದ ಹಾಗೇ ಮಗಾ” ಎಂದು ಹೇಳಿ ಫೋನನ್ನು ಅಕ್ಕನ ಕೈಗೆ ಕೊಟ್ಟು ಜಗಲಿಗೆ ಹೋದರು. ಅವರ ಮುಖ ನಾನು ನೋಡಿದೆ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ಅಕ್ಕನಿಗೆ ಹೇಳಿದೆ, “ಇದೆಲ್ಲ ಬೇಡ. ದುಡ್ಡು ಕೊಟ್ಟು ಟಿಕೇಟು ಮಾಡುವ. ಈಗಲೇ ಮಾಡ್ತೇನೆ, ನಾಳೆಯೇ ಹೋಗಬಹುದು.”

ಅಕ್ಕ ಎಣ್ಣೆಯ ಬಾಟಲಿಯ ಮುಚ್ಚಳ ಗಟ್ಟಿ ಮಾಡಿದಳು. “ಶುಕ್ರವಾರ ಜುಮಾ ನಮಾಜು ಮುಗಿಯುವವರೆಗೆ ನೋಡುವ,” ಅಂದಳು. “ಮತ್ತೆ ನೀನು ದುಡ್ಡಿನ ಟಿಕೇಟು ಮಾಡು, ನಾನು ಹೋಗ್ತೇನೆ. ಮಗಳಿಗಿಂತ ದೊಡ್ಡದು ಎಂತ ಇಲ್ಲ. ಆದ್ರೆ ಅಷ್ಟರವರೆಗೆ ಇವರ ಎದುರು ದುಡ್ಡಿನ ಮಾತು ತೆಗೀಬೇಡ.”

ಗುರುವಾರ ಸಂಗೀತ ಕೇಳುವುದರಲ್ಲೇ ಕಳೆಯಿತು. ಶುಕ್ರವಾರ ಬೆಳಿಗ್ಗೆಯೂ ಅದೇ. ನಾನು ಶಾಲೆಗೆ ರಜೆ ಹಾಕಿ ಬಂದಿದ್ದೆ. ನಮ್ಮ ಸರದಿ ಇನ್ನೇನು ಬಂತು ಎನ್ನುವಾಗ ಮಸೀದಿಯಿಂದ ಬಾಂಗ್ ಕೇಳಿತು. ಜುಮಾ ತಪ್ಪಿಸುವಂತಿಲ್ಲ, ಫೋನು ಇಡುವಂತಿಲ್ಲ. ಇಟ್ಟರೆ ಮತ್ತೆ ಸರದಿಯ ಬಾಲಕ್ಕೆ ಹೋಗಬೇಕು. ಭಾವ ಫೋನನ್ನು ನನ್ನ ಕಡೆ ಚಾಚಿದರು. ನಾನೂ ಟೊಪ್ಪಿ ಹಾಕಿ ಹೊರಟವನೇ ಎಂಬುದು ಆಮೇಲೆ ಅವರಿಗೆ ಹೊಳೆಯಿತು. ಕೊನೆಗೆ ಅಡುಗೆ ಕೋಣೆಗೆ ಹೋಗಿ, ಹಾಡುತ್ತಿದ್ದ ಫೋನನ್ನು ಅಕ್ಕನ ಕೈಗಿಟ್ಟರು.

“ಯಾರಾದ್ರೂ ಮಾತಾಡಿದ್ರೆ ‘ಹೋಲ್ಡ್’ ಅಂತ ಹೇಳು. ಬೇರೆ ಎಂತ ಹೇಳ್ಬೇಡ. ನಾವು ಬಂದು ಮಾತಾಡ್ತೇವೆ.”

“ಇಷ್ಟು ದಿನ ಅವರು ನಮ್ಮನ್ನು ಹೋಲ್ಡ್ ಮಾಡಿದ್ದಲ್ವಾ,” ಎಂದಳು ಅಕ್ಕ, ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು ಈರುಳ್ಳಿ ಹೆಚ್ಚುತ್ತ.

ಆ ದಿನದ ಖುತುಬ ಪ್ರವಚನದಲ್ಲಿ ತಾಳ್ಮೆಯ ಬಗ್ಗೆ ಹೇಳಿದರು. ಭಾವ ಪಕ್ಕದಲ್ಲಿ ಕೂತು ಎರಡು ಸಲ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ನಾವು ಮರಳಿ ಬಂದಾಗ ಊಟಕ್ಕೆ ಬಡಿಸಿ ಆಗಿತ್ತು. ಫೋನು ಕಿಟಕಿಯ ದಂಡೆಯಲ್ಲಿತ್ತು, ಹಾಡುತ್ತಿರಲಿಲ್ಲ.

“ಕಟ್ಟಾಯ್ತಾ?” ಎಂದು ಭಾವ ಗಾಬರಿಯಿಂದ ಕೇಳಿದರು.

“ಇಲ್ಲ. ಟಿಕೇಟು ಆಯ್ತು. ಆದಿತ್ಯವಾರ ಬೆಳಿಗ್ಗೆ. ಬಜಪೆಯಿಂದ ಸೀದಾ.”

ಮುಂದಿನದು ನಾನು ಕಂಡದ್ದಲ್ಲ, ಅಕ್ಕ ಹೇಳಿದ್ದು. ಫೋನೆತ್ತಿದವಳು ಒಬ್ಬ ಮಲಯಾಳಿ ಹುಡುಗಿ. ನಮ್ಮ ಮನೆಯ ಬ್ಯಾರಿ ಭಾಷೆಗೂ ಅವಳ ಭಾಷೆಗೂ ದೂರ ಕಡಿಮೆ. ಹೋಲ್ಡ್ ಎಂದು ಹೇಳಲು ಅಕ್ಕನಿಗೆ ನೆನಪಾಗಲಿಲ್ಲ. ಮಗಳಿಗೆ ಚೊಚ್ಚಲ ಎಂದಳು. ಅವಳು ಎಷ್ಟು ತಿಂಗಳು ಎಂದು ಕೇಳಿದಳು. ಅಲ್ಲಿಂದ ಮಾತು ಸುರುವಾಯಿತು. ಇಷ್ಟು ಜನ ನಿಮ್ಮ ನಂಬರು ಯಾಕೆ ಹೇಳಿದ್ದಾರೆ ಎಂದು ಅವಳೂ ಕೇಳಿದಳಂತೆ.

“ನೀನೆಂತ ಹೇಳಿದೆ?” ಎಂದರು ಭಾವ.

“ಇದ್ದದ್ದೇ ಹೇಳಿದೆ. ನಮ್ಮಲ್ಲಿ ಹೋಗುವವರ ಕೈಯಲ್ಲಿ ಎಲ್ಲರೂ ಎಂತಾದ್ರೂ ಕೊಟ್ಟು ಕಳಿಸುವ ಕ್ರಮ ಉಂಟು. ಬೇರೆಯವರು ಉಪ್ಪಿನಕಾಯಿ ಕೊಟ್ರು, ಇವರು ನಂಬರು ಕೊಟ್ರು ಅಂದೆ. ಅವಳು ನಗಾಡಿದ್ಲು. ‘ನನ್ನ ಉಪ್ಪನೂ ಹೀಗೇ’ ಅಂದ್ಲು.”

“ಖಾತೆ ನಂದು. ನನ್ನ ವಿವರ ಕೇಳದೆ ಅವರು ಎಂತ ಮಾಡುವುದಿಲ್ಲ.”

“ಕೇಳಿದ್ಲು. ನಿಮ್ಮ ಹುಟ್ಟಿದ ದಿನ, ನಿಮ್ಮ ಉಮ್ಮನ ಹೆಸರು, ನಿಮ್ಮ ಪಾಸ್‌ಪೋರ್ಟಿನ ನಂಬರು, ನೀವು ಕಡೇ ಸಲ ಊರಿಗೆ ಬಂದ ದಿನ. ಫೋನಿಗೆ ಒಂದು ನಂಬರು ಬಂತು, ಅದೂ ಹೇಳಿದೆ. ಬೀಗ ತೆಗೆದ್ಲು, ಆ ಇನ್ನೊಂದು ಕಂಪೆನಿಯವರಿಗೆ ಹೇಳಿ ಒಂದು ಸೀಟೂ ಬಿಡಿಸಿದ್ಲು. ನನಗೆ ಗೊತ್ತಿಲ್ಲದ್ದು ಎಂತ ಉಂಟು ಅದರಲ್ಲಿ?”

ಭಾವ ಕುರ್ಚಿಯಲ್ಲಿ ಕೂತರು. ವರ್ಷಗಟ್ಟಲೆಯ ಯುದ್ಧವನ್ನು ಹೆಂಡತಿ ಒಂದು ನಮಾಜಿನ ಹೊತ್ತಿನಲ್ಲಿ, ಈರುಳ್ಳಿ ಹೆಚ್ಚುತ್ತ ಗೆದ್ದುಬಿಟ್ಟರೆ ಮನುಷ್ಯ ಏನು ಹೇಳಬೇಕು? ಕೊನೆಗೆ ಒಂದು ಆಕ್ಷೇಪ ಸಿಕ್ಕಿತು. “ಬಿಸಿನೆಸ್ ಕ್ಲಾಸ್ ಕೇಳ್ಲಿಲ್ವಾ?”

“ಅದು ಬೇಗ ಮುಟ್ತದಾ?”

“ಇಲ್ಲ. ಎಲ್ಲ ಒಟ್ಟಿಗೇ ಮುಟ್ಟುವುದು.”

“ಮತ್ತೆಂತಕ್ಕೆ? ಊಟ ಮಾಡಿ.”

ಸೀಟು ಕಟ್ಟಕಡೆಯ ಸಾಲಿನಲ್ಲಿ, ಶೌಚಾಲಯದ ಪಕ್ಕ, ನಡುವಿನದ್ದು. ಪಾಯಿಂಟೆಲ್ಲ ಬಹುತೇಕ ಮುಗಿದಿತ್ತು. ಅದರ ಮೇಲೆ ತೆರಿಗೆ, ಇಂಧನ, ಸೇವೆ ಎಂದು ಬೇರೆ ಬೇರೆ ಹೆಸರಿನಲ್ಲಿ ದುಡ್ಡೂ ಕಟ್ಟಬೇಕಾಗಿತ್ತು. ಅದೆಲ್ಲ ಸೇರಿದರೆ ಒಂದು ಸಾಧಾರಣ ಟಿಕೇಟಿನ ಬೆಲೆಗೆ ಸ್ವಲ್ಪವೇ ಕಡಿಮೆ. ಹಾಗಾದರೆ ಇಷ್ಟು ಕಾಲದ ಪಾಯಿಂಟು ಯಾವುದಕ್ಕೆ ಹೋಯಿತು? ಸುತ್ತು ದಾರಿಯಲ್ಲಿ ನಿಲ್ದಾಣದ ಗಟ್ಟಿ ಕುರ್ಚಿಗಳಲ್ಲಿ ಅರ್ಧರ್ಧ ದಿನ ಕೂತ ಒಬ್ಬ ಮನುಷ್ಯನ ಆಯುಸ್ಸು ಯಾರ ಖಾತೆಗೆ ಜಮೆಯಾಯಿತು? ನಾನು ಇಬ್ಬರು ಪಾಲುದಾರರಿಗೂ ಬರೆದು ಕೇಳಿದ್ದೇನೆ. ನಮ್ಮ ಅನುಭವ ಹೇಗಿತ್ತು ಎಂದು ನಕ್ಷತ್ರ ಕೊಡಲು ಹೇಳಿ ಇಬ್ಬರೂ ಉತ್ತರಿಸಿದ್ದಾರೆ.

ಅಕ್ಕ ಆದಿತ್ಯವಾರ ಹೋದಳು, ಹೆರಿಗೆಗೆ ಮೊದಲೇ ಮುಟ್ಟಿದಳು. ಹೆಣ್ಣು ಮಗು, ತಾಯಿ ಮಗು ಕ್ಷೇಮ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಕಾಯುವುದು ಬೇಡ. ನನ್ನನ್ನು ಅಲ್ಲಾಡಿಸಿದ್ದು ಅದಕ್ಕೆ ಮೊದಲು ಬಜಪೆಯಲ್ಲಿ ನಡೆದದ್ದು.

ಅಲ್ಲಿ ಒಳಗೆ ಪ್ರಯಾಣಿಕರನ್ನು ಮಾತ್ರ ಬಿಡುವುದು. ಗಾಜಿನ ಬಾಗಿಲಿನವರೆಗೆ ಭಾವ ಒಂದೇ ಸಮನೆ ಪಾಠ ಹೇಳುತ್ತ ಬಂದರು. ಬೆಲ್ಟು ಹೀಗೆ ಹಾಕಬೇಕು, ಕಿವಿ ಮುಚ್ಚಿದ ಹಾಗಾದರೆ ಚಾಕಲೇಟು ಚೀಪಬೇಕು, ಲೇಹ್ಯ ಕೈಚೀಲದಲ್ಲಿ ಇಡಬಾರದು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು. ಟಿಕೇಟು ತೋರಿಸಿ ಒಳಗೆ ಹೋದಳು. ಒಮ್ಮೆ ತಿರುಗಿ ಕೈ ಎತ್ತಿದಳು. ಆಮೇಲೆ ಜನರ ನಡುವೆ ಕಾಣಲಿಲ್ಲ.

ನಾನು ಕಾರಿನ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಭಾವ ಅಲ್ಲೇ ನಿಂತಿದ್ದರು. ಎಷ್ಟೋ ಸಲ ಇಂಥ ಬಾಗಿಲುಗಳ ಒಳಗೆ ಹೋದವರು, ಹೊರಗೆ ಉಳಿದದ್ದು ಇದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ಇದ್ದರು.

“ಮಾಸ್ಟ್ರೆ, ಈಗ ಎಂತ ಮಾಡುವುದು?”

“ಎಂತ ಮಾಡ್ಲಿಕ್ಕುಂಟು ಭಾವ? ಮನೆಗೆ ಹೋಗುವ.”

“ಅಲ್ಲ. ನಾನು ಒಳಗೆ ಹೋದ ಮೇಲೆ ಅವಳು ಎಂತ ಮಾಡ್ತಿದ್ದದ್ದು?”

ನನಗೆ ಗೊತ್ತಿತ್ತು. ಭಾವ ವಿಮಾನ ಹತ್ತುವುದು ಬೆಂಗಳೂರಿನಲ್ಲಾದರೂ ಅಕ್ಕ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಂದವಳು ಸೀದಾ ಒಳಗೆ ಹೋಗುತ್ತಿರಲಿಲ್ಲ. ಮಲ್ಲಿಗೆ ಚಪ್ಪರದ ಪಕ್ಕ, ಅಂಗಳದಲ್ಲಿ ನಿಲ್ಲುತ್ತಿದ್ದಳು. ಮಾರನೆಯ ದಿನವೂ ನಿಲ್ಲುತ್ತಿದ್ದಳು. ಅದನ್ನು ನಾನು ಕಣ್ಣಾರೆ ಕಂಡದ್ದು. ಹಾಗೆಯೇ ಹೇಳಿದೆ.

“ಆಕಾಶ ನೋಡಿಕೊಂಡು ನಿಲ್ತಿದ್ಳು. ನಿಮ್ಮ ವಿಮಾನ ಹೋಗುವವರೆಗೆ.”

“ನನ್ನ ವಿಮಾನ ಆ ದಾರಿಯಲ್ಲಿ ಹೋಗುವುದೇ ಇಲ್ಲವಲ್ಲ ಮಾರಾಯ. ನಂದು ಯಾವುದು ಅಂತ ಅವಳಿಗೆ ಹೇಗೆ ಗೊತ್ತಾಗುವುದು?”

“ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಕಂಡ ವಿಮಾನ ಎಲ್ಲ ಹೋಗಿ ಮುಗಿಯುವವರೆಗೆ ನಿಲ್ತಿದ್ಳು.”

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಒಂದು ವಿಮಾನ ಗುಡ್ಡದ ಮೇಲಿನಿಂದ ಎದ್ದು ಸಮುದ್ರದ ಕಡೆಗೆ ಹೋಯಿತು. ಅಕ್ಕನದ್ದಕ್ಕೆ ಇನ್ನೂ ಹೊತ್ತಿತ್ತು. ಭಾವ ಅದನ್ನೂ ಕಣ್ಣಿಗೆ ಕಾಣುವವರೆಗೆ ನೋಡಿದರು.

“ನೀವು ಬೇಕಾದ್ರೆ ಹೋಗಿ ಮಾಸ್ಟ್ರೆ,” ಅಂದರು. “ನಾನು ಎಲ್ಲ ಹೋದ ಮೇಲೆ ಬರ್ತೇನೆ.”